ಡಬ್ಬಿಯಲ್ಲಿದ್ದ ಆರ್‌ಸಿ ಪುಸ್ತಕ

ತಂದೆಯವರು ತೀರಿಕೊಂಡ ಬಳಿಕ ಅವರ ಹಳೆಯ ಬೀರುವನ್ನು ತೆರೆದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರೊಳಗೆ ಸೈಕಲ್ಲಿಗೆ ಹಾಕುತ್ತಿದ್ದ ಎರಡು ತಗಡಿನ ಬಿಲ್ಲೆಗಳು, ಒಂದು ಸ್ಕೂಟರಿನ ಆರ್‌ಸಿ ಪುಸ್ತಕ, ಮಾರಿಹೋದ ಗಾಡಿಗಳ ಆರ್‌ಸಿಯ ಜೆರಾಕ್ಸ್ ಪ್ರತಿಗಳು, ಕೊಂಡವರ ರುಜು ಇರುವ ಡೆಲಿವರಿ ನೋಟುಗಳು ಇದ್ದವು. ಗಾಡಿ ಕೈಬಿಟ್ಟ ಮೇಲೂ ಕಾಗದ ಜೋಪಾನವಾಗಿರಬೇಕು, ನಾಳೆ ಯಾರೋ ಎಲ್ಲೋ ಅಪಘಾತ ಮಾಡಿದರೆ ಪೊಲೀಸರು ನಮ್ಮ ಮನೆ ಬಾಗಿಲಿಗೆ ಬರಬಾರದು ಎಂಬುದು ಅವರ ಲೆಕ್ಕಾಚಾರ.

ರಾಜಮಹಾರಾಜರ ಇತಿಹಾಸ ಶಿಲಾಶಾಸನಗಳಲ್ಲಿದೆ. ನಮ್ಮಂಥ ಸಾಮಾನ್ಯರ ಇತಿಹಾಸ ಇಂಥ ಡಬ್ಬಿಗಳಲ್ಲಿರುತ್ತದೆ. ಆ ಡಬ್ಬಿಯನ್ನು ನಾವು ಕುತೂಹಲಕ್ಕಾಗಿ ಬಿಚ್ಚಿ ಕುಳಿತವರಲ್ಲ. ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿರುವ ತಂದೆಯವರ ಬಜಾಜ್ ಚೇತಕ್ ಸ್ಕೂಟರನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. 'ಸುಮ್ಮನೆ ಜಾಗ ತಿನ್ನುತ್ತಿದೆ, ಕೊಟ್ಟುಬಿಡಿ' ಎಂಬುದು ಮಕ್ಕಳ ಅಭಿಪ್ರಾಯ. ಅವರಿಗೆ ಉತ್ತರ ಹೇಳುವ ಮೊದಲು ನಮ್ಮ ಮನೆ ಬಾಗಿಲಲ್ಲಿ ನಿಂತು ಹೋದ ಗಾಡಿಗಳನ್ನೆಲ್ಲ ಒಮ್ಮೆ ನೆನೆಯಬೇಕೆನಿಸಿತು. ನೆನೆಯುತ್ತಾ ಹೋದಂತೆ ಅದು ನಮ್ಮೊಂದು ಮನೆಯ ಕತೆಯಾಗಿ ಉಳಿಯಲಿಲ್ಲ. ದಕ್ಷಿಣ ಬೆಂಗಳೂರು ಬೆಳೆದ ಬಗೆಯ ಕತೆಯೂ ಆಯಿತು.

ಸೈಕಲ್ಲಿನ ಕಾಲ

ಜಯನಗರಕ್ಕೆ ಅಡಿಗಲ್ಲು ಬಿದ್ದುದು 1948ರಲ್ಲಿ. ಆಗ ದೇಶದ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರು ಅದನ್ನು ನೆರವೇರಿಸಿದರು. ಇಂದು ವಾಹನಗಳ ನಡುವೆ ಕಳೆದುಹೋದಂತೆ ಕಾಣುವ ಅಶೋಕ ಸ್ತಂಭ ಆ ದಿನದ ನೆನಪಿಗೆ ನಿಂತದ್ದು. ಹೊಲ, ತೋಪು, ಕೆರೆಯಂಗಳಗಳ ನಡುವೆ ನಗರಾಭಿವೃದ್ಧಿ ಮಂಡಳಿ ಅಗಲವಾದ ರಸ್ತೆಗಳನ್ನು ಎಳೆಯಿತು. ಅಷ್ಟು ಅಗಲದ ರಸ್ತೆಯಲ್ಲಿ ಓಡಾಡಲು ಜನರ ಬಳಿ ಗಾಡಿಗಳೇ ಇರಲಿಲ್ಲ. ನಗರದ ಹಳೆಯ ಭಾಗದಿಂದ ಸಾಮಾನು ಸಮೇತ ಬರುವವರು ಜಟಕಾ ಹಿಡಿಯುತ್ತಿದ್ದರು. ಉಳಿದವರು ಬಸ್ಸಿಗೆ ಕಾಯಬೇಕಿತ್ತು. ಖಾಸಗಿಯಾಗಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯನ್ನು 1956ರಲ್ಲಿ ಸರಕಾರ ವಹಿಸಿಕೊಂಡು ಬಿಟಿಎಸ್ ಮಾಡಿತು. ಬಸ್ಸುಗಳು ಎಷ್ಟು ಅಪರೂಪವೆಂದರೆ, ಬಿಟಿಎಸ್ ಎಂದರೆ 'ಬಿಟ್ರೆ ತಿರುಗಾ ಸಿಗೋಲ್ಲ' ಎಂದು ಜನ ನಗೆಯಾಡುತ್ತಿದ್ದರು. 1997ರಲ್ಲಿ ಅದು ಬಿಎಂಟಿಸಿ ಆಯಿತು. ನಗೆಮಾತು ಮಾತ್ರ ಹಳಬರ ಬಾಯಲ್ಲಿ ಉಳಿಯಿತು.

ತಂದೆಯವರು ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಉಳಿತಾಯದಲ್ಲಿ ಕೊಂಡದ್ದು ಒಂದು ಕಪ್ಪು ಸೈಕಲ್. ತಿಲಕನಗರದ ಅಂಚಿನ ನಮ್ಮ ಬಾಡಿಗೆ ಮನೆಯಿಂದ ಹೊರಟು ಅಶೋಕ ಸ್ತಂಭ, ಲಾಲ್‌ಬಾಗಿನ ಪಶ್ಚಿಮ ದ್ವಾರ, ಮಿನರ್ವ ವೃತ್ತ, ಜೆ.ಸಿ. ರಸ್ತೆ, ಪುರಭವನ ದಾಟಿ ಕಚೇರಿ ಸೇರುತ್ತಿದ್ದರು. ಹೋಗುವಾಗ ತಂಪು, ಬರುವಾಗ ಬೆವರು. ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪ ಇಲ್ಲದಿದ್ದರೆ ದಂಡ, ಹಿಂದೆ ಒಬ್ಬರನ್ನು ಕೂರಿಸಿಕೊಂಡು 'ಡಬಲ್ಸ್' ಹೊಡೆದರೂ ದಂಡ. ಪೊಲೀಸಿನವರು ಕಂಡ ಕೂಡಲೇ ಹಿಂದೆ ಕುಳಿತವರು ಹಾರಿ ಇಳಿದು, ವೃತ್ತ ದಾಟಿದ ಮೇಲೆ ಓಡಿ ಬಂದು ಮತ್ತೆ ಹತ್ತುವುದು ಅಂದಿನ ಬೆಂಗಳೂರಿನ ಮಾಮೂಲು ದೃಶ್ಯ. ನಾವು ಸೈಕಲ್ ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಅಂಗಡಿಯ ಗಾಡಿಯಲ್ಲಿ. ತಂದೆಯವರ ಸೈಕಲ್ ಮುಟ್ಟುವ ಅಪ್ಪಣೆ ಇರಲಿಲ್ಲ.

ಹತ್ತು ವರ್ಷ ಕಾಯಬೇಕಿದ್ದ ಸ್ಕೂಟರ್

ಬಜಾಜ್ ಕಂಪೆನಿ 1972ರಲ್ಲಿ ತಂದ ಚೇತಕ್ ಸ್ಕೂಟರಿಗೆ ರಾಣಾ ಪ್ರತಾಪನ ಕುದುರೆಯ ಹೆಸರು. ಆದರೆ ಆ ಕುದುರೆ ಮನೆಗೆ ಬರಬೇಕಾದರೆ ಬಹಳ ಕಾಯಬೇಕಿತ್ತು. ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ಗಾಡಿ ತಯಾರಿಸಬೇಕೆಂಬುದನ್ನು ಸರಕಾರವೇ ನಿಗದಿ ಮಾಡುತ್ತಿದ್ದ ಲೈಸೆನ್ಸಿನ ಕಾಲವದು. ಬೇಡಿಕೆ ಬೆಟ್ಟದಷ್ಟು, ತಯಾರಿಕೆ ಬೊಗಸೆಯಷ್ಟು. ಮುಂಗಡ ಕಟ್ಟಿ ಹತ್ತು ವರ್ಷ ಕಾದವರಿದ್ದರು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆಯ ಹೊತ್ತಿಗೆ ಬರುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಸರದಿ ಬಂದವರು ಚೀಟಿಯನ್ನೇ ಹೆಚ್ಚಿನ ಹಣಕ್ಕೆ ಮಾರಿಕೊಳ್ಳುವುದೂ ಇತ್ತು.

ಈ ಸರದಿಗೆ ಒಂದು ಅಡ್ಡದಾರಿಯನ್ನು ಸರಕಾರವೇ ಇಟ್ಟಿತ್ತು. ವಿದೇಶಿ ವಿನಿಮಯದಲ್ಲಿ ಹಣ ಪಾವತಿಸುವವರಿಗೆ ಗಾಡಿ ಬೇಗ ಸಿಗುತ್ತಿತ್ತು. 1970ರ ದಶಕದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಸಾವಿರಾರು ಮಂದಿಯ ಬೆವರು ಊರಿನಲ್ಲಿ ಮನೆಯ ತಾರಸಿಯಾಯಿತು, ತಂಗಿಯರ ಮದುವೆಯಾಯಿತು, ಕೆಲವು ಮನೆಗಳಲ್ಲಿ ಸ್ಕೂಟರೂ ಆಯಿತು. ನಮ್ಮ ಮನೆಗೆ 1983ರಲ್ಲಿ ಚೇತಕ್ ಬಂದದ್ದು ಹೀಗೆಯೇ. ಸೌದಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಮ್ಮ ಮಾಮೂ ಅಕ್ಕನ ಗಂಡ ಬೆವರು ಸುರಿಸಿ ಸೈಕಲ್ ತುಳಿಯುವುದನ್ನು ನೋಡಲಾರದೆ ಡಾಲರು ಕಳಿಸಿದರು. ತಂದೆಯವರು ಆ ಹಣವನ್ನು ಕಂತು ಕಂತಾಗಿ ಹಿಂತಿರುಗಿಸಿದರು. ಕೊನೆಯ ಕಂತು ಕೊಡುವವರೆಗೂ ಗಾಡಿಯನ್ನು 'ನಿನ್ನ ತಮ್ಮನ ಸ್ಕೂಟರ್' ಎಂದೇ ನಮ್ಮ ತಾಯಿಯವರ ಬಳಿ ಹೇಳುತ್ತಿದ್ದರು.

ಮುಂದೆ ನಿಂತ ಚಿಕ್ಕವರು, ನಡುವೆ ತಂದೆ, ಹಿಂದೆ ಒಬ್ಬ ಮಗನನ್ನು ಒತ್ತಿಕೊಂಡು ತಾಯಿ, ಅವರ ಮಡಿಲಲ್ಲಿ ತರಕಾರಿ ಚೀಲ. ಐದು ಜನರ ಸಂಸಾರ ಒಂದು ಸ್ಕೂಟರಿನಲ್ಲಿ ಜಯನಗರ 4ನೇ ಬ್ಲಾಕಿನ ಮಾರುಕಟ್ಟೆಗೆ ಹೋಗಿ ಬರುವುದು ಆಗ ಯಾರಿಗೂ ಅಪರಾಧವೆನಿಸಲಿಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ 2016ರ ಬಳಿಕ ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಅಂದು ಕಾಪಾಡಿದ್ದು ನಮ್ಮ ಜಾಣ್ಮೆಯಲ್ಲ, ಖಾಲಿ ರಸ್ತೆ.

ಇಡೀ ಬೀದಿಗೆ ಅದೊಂದೇ ಸ್ಕೂಟರ್. ಆದ್ದರಿಂದ ಅದು ನಮ್ಮದೊಬ್ಬರದೇ ಆಗಿ ಉಳಿಯಲಿಲ್ಲ. ಹ್ಯಾಂಡಲ್ ಲಾಕಿನ ಬೀಗದ ಕೈಯನ್ನು ತಂದೆಯವರು ಬಾಗಿಲ ಪಕ್ಕದ ಒಂದು ಮೊಳೆಗೆ ತೂಗುಹಾಕುತ್ತಿದ್ದರು. ಅವರು ಮನೆಯಲ್ಲಿಲ್ಲದಾಗ ಅವಸರವಿದ್ದವರು ತಾಯಿಯವರಿಗೆ ಒಂದು ಮಾತು ಹೇಳಿ ಕೀಲಿ ತೆಗೆದುಕೊಂಡು ಹೋಗಬಹುದಿತ್ತು. ಎದುರು ಮನೆಯ ಮೇಷ್ಟ್ರ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದದ್ದು ಆ ಸ್ಕೂಟರಿನಲ್ಲಿ. ಒಮ್ಮೆ ನಡುರಾತ್ರಿ ಹಿಂದಿನ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂದಾಗ ಇಡೀ ಬಡಾವಣೆಯಲ್ಲಿ ಒಂದು ಆಟೋ ಇಲ್ಲ. ತಂದೆಯವರು ಲುಂಗಿಯಲ್ಲೇ ಸ್ಕೂಟರು ಹತ್ತಿ ಬಸ್ ನಿಲ್ದಾಣದ ಬಳಿ ಮಲಗಿದ್ದ ಆಟೋದವನನ್ನು ಎಬ್ಬಿಸಿ ತಂದರು. ಆಟೋದ ಮುಂದೆ ದಾರಿ ತೋರುತ್ತಾ ವಾಣಿವಿಲಾಸ ಆಸ್ಪತ್ರೆಯವರೆಗೂ ಹೋದರು. ಅಂದು ಹುಟ್ಟಿದ ಹುಡುಗ ಬಹಳ ವರ್ಷ ನಮ್ಮ ಬೀದಿಯಲ್ಲಿ 'ಸ್ಕೂಟರ್ ಹುಡುಗ'ನೇ ಆಗಿದ್ದ.

ಮರದಡಿಯ ಗ್ಯಾರೇಜು

ಆಗಿನ ಗಾಡಿಗಳು ಕೊಂಡವರಿಂದ ಮಾತ್ರ ಓಡುತ್ತಿರಲಿಲ್ಲ, ಮೆಕ್ಯಾನಿಕ್ಕಿನಿಂದ ಓಡುತ್ತಿದ್ದವು. ಚೇತಕ್ಕಿಗೆ ಪೆಟ್ರೋಲಿನ ಜತೆಗೆ ಎಣ್ಣೆ ಬೆರೆಸಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ನಿಲ್ಲುತ್ತದೆ, ಕಡಿಮೆಯಾದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ ಮತ್ತೆ ಒದೆಯಬೇಕು. ಆದರೂ ಆಗದಿದ್ದರೆ ಉಸ್ತಾದರೇ ಗತಿ.

ತಿಲಕನಗರದ ಒಂದು ಹೊಂಗೆ ಮರದಡಿ ಅವರ ಗ್ಯಾರೇಜು. ಗ್ಯಾರೇಜೆಂದರೆ ಒಂದು ಮರದ ಪೆಟ್ಟಿಗೆ, ಸೀಮೆಎಣ್ಣೆಯ ತಟ್ಟೆ, ಇಬ್ಬರು ಹುಡುಗರು. ಉಸ್ತಾದರು ಗಾಡಿಯನ್ನು ಮುಟ್ಟುವ ಮೊದಲು ಕಿವಿಗೊಟ್ಟು ಕೇಳುತ್ತಿದ್ದರು. ತಂದೆಯವರು ಅವರನ್ನು 'ಉಸ್ತಾದ್' ಎಂದರೆ ಅವರು ತಂದೆಯವರನ್ನು 'ಸಾಹೇಬ್ರೆ' ಎನ್ನುತ್ತಿದ್ದರು. ಎದುರು ಮನೆಯ ಮೇಷ್ಟ್ರು ಅವರಿಗೆ 'ಸ್ವಾಮಿ'. ಬೇಕಾದ ಭಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು. ಅಲ್ಲಿಯೂ ಇಲ್ಲದಿದ್ದರೆ ಲೇತಿನವನ ಬಳಿ ಕಡೆಸಿ ತರುತ್ತಿದ್ದರು. ಬೆಂಗಳೂರಿನ ಮುಸ್ಲಿಮರಲ್ಲಿ ಎಷ್ಟೋ ಕುಟುಂಬಗಳ ಅನ್ನ ಈ ಕಸುಬಿನಿಂದ ಬಂದದ್ದು. ಶಾಲೆ ಬಿಟ್ಟ ಹುಡುಗ ಉಸ್ತಾದರ ಬಳಿ ಪಾನಾ ಎತ್ತಿಕೊಡುತ್ತಾ ಕಲಿತು ಐದಾರು ವರ್ಷಕ್ಕೆ ತನ್ನದೇ ಮರ ಹುಡುಕಿಕೊಳ್ಳುತ್ತಿದ್ದ. ಪ್ರಮಾಣಪತ್ರ ಕೊಡದ ವಿಶ್ವವಿದ್ಯಾಲಯವದು. ಎಳೆಯ ವಯಸ್ಸಿನಲ್ಲಿ ಶಾಲೆ ತಪ್ಪಿದ ನಷ್ಟವನ್ನೂ ಅದು ತುಂಬಿಕೊಡಲಿಲ್ಲ ಎಂಬುದನ್ನು ಮರೆಯಬಾರದು.

ಗಾಡಿಯ ಪ್ರಾಣವಿದ್ದುದು ಪ್ಲಗ್ಗಿನಲ್ಲಿ. ಅದು ಬರುತ್ತಿದ್ದುದು ಪಕ್ಕದ ಆಡುಗೋಡಿಯಿಂದ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ದೇಶದ ತುಂಬ ಓಡುತ್ತಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರ ಸೇರಿ ಬಿಟಿಎಂ ಆದ ಬಡಾವಣೆಯ ಒಂದು ಭಾಗಕ್ಕೆ ಇಂದಿಗೂ ಮೈಕೋ ಲೇಔಟ್ ಎಂದೇ ಹೆಸರು. 2008ರಲ್ಲಿ ಕಂಪೆನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆಡುಗೋಡಿಯ ಜಾಗದಲ್ಲಿ 2022ರಲ್ಲಿ ತಂತ್ರಜ್ಞಾನ ಕ್ಯಾಂಪಸ್ ಉದ್ಘಾಟನೆಯಾಯಿತು. ಎಣ್ಣೆ ಮೆತ್ತಿದ ಕೈಗಳಿದ್ದಲ್ಲಿ ಈಗ ಕಂಪ್ಯೂಟರಿನ ಮುಂದೆ ಕುಳಿತವರಿದ್ದಾರೆ.

ಆಯುಧಪೂಜೆಯ ಹಿಂದಿನ ದಿನ ಉಸ್ತಾದರಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಬೀದಿಯ ಗಾಡಿಗಳೆಲ್ಲ ತೊಳೆಸಿಕೊಂಡು, ಎಣ್ಣೆ ಹಾಕಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಮರುದಿನ ಗಿರಾಕಿಗಳು ಬೂದುಗುಂಬಳ ಒಡೆದು, ಪುರಿ ಮತ್ತು ಸಿಹಿಯ ಪೊಟ್ಟಣವನ್ನು ಮರದಡಿಗೂ ತಂದುಕೊಡುತ್ತಿದ್ದರು. ರಂಜಾನ್ ಹಬ್ಬದ ದಿನ ಅದೇ ಮನೆಗಳಿಗೆ ಉಸ್ತಾದರ ಹುಡುಗ ಶೀರ್‌ಖುರ್ಮಾದ ಡಬ್ಬಿ ಹಿಡಿದು ಹೋಗುತ್ತಿದ್ದ. ಇದನ್ನು ಯಾರೂ ಸೌಹಾರ್ದವೆಂದು ಕರೆಯುತ್ತಿರಲಿಲ್ಲ. ಕೆಟ್ಟ ಗಾಡಿಯನ್ನು ನಂಬಿ ಕೊಡುವಲ್ಲಿ, ನಂಬಿಕೆಯಿಂದ ದುರಸ್ತಿ ಮಾಡುವಲ್ಲಿ ಅದು ತಾನಾಗಿಯೇ ಬೆಳೆದಿತ್ತು.

ಅಣ್ಣನ ಯೆಜ್ಡಿ, ಅಕ್ಕನ ಕೈನೆಟಿಕ್

ಅಣ್ಣನಿಗೆ ಸ್ಕೂಟರೆಂದರೆ ಮುದುಕರ ಗಾಡಿ. ಕೆಲಸ ಸಿಕ್ಕಿದ ಮೇಲೆ ಆತ ತಂದದ್ದು ಯೆಜ್ಡಿ. ಇದು ನಮ್ಮ ರಾಜ್ಯದ್ದೇ ಗಾಡಿ. ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಒದೆಯುವ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರಾಗುವುದು ಅದರ ವೈಶಿಷ್ಟ್ಯ. ಎರಡು ಸೈಲೆನ್ಸರುಗಳ ಆ ಸದ್ದು ಬನಶಂಕರಿಯ ಇಳಿಜಾರಿನಲ್ಲಿರುವಾಗಲೇ ತಾಯಿಯವರು ರೊಟ್ಟಿ ಬಿಸಿ ಮಾಡತೊಡಗುತ್ತಿದ್ದರು ಎಂದು ನಾವು ಇಂದಿಗೂ ಉತ್ಪ್ರೇಕ್ಷೆ ಮಾಡುತ್ತೇವೆ. 1980ರ ದಶಕದ ನಡುವೆ ಜಪಾನಿ ತಂತ್ರಜ್ಞಾನದ ಬೈಕುಗಳು ಬಂದವು. ಪಕ್ಕದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ, ಮರುವರ್ಷ ಹೀರೊ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100. ಕಡಿಮೆ ಪೆಟ್ರೋಲ್ ಕುಡಿಯುವ ಆ ಹಗುರ ಗಾಡಿಗಳ ಮುಂದೆ ಯೆಜ್ಡಿ ಸೋತಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅನೇಕ ಕಾರ್ಮಿಕರ ಬದುಕು ಅದರೊಂದಿಗೆ ಅಲುಗಿತು. ಬೆಂಗಳೂರಿನ ಅಭಿಮಾನಿಗಳು ಪ್ರತಿ ಜುಲೈಯಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ಸಿಂಗರಿಸಿ ತಂದು ನಿಲ್ಲಿಸುವಾಗ ನಾವು ಆ ಕಾರ್ಮಿಕರನ್ನೂ ನೆನೆಯುತ್ತೇವೆ.

ಮನೆಯ ಇತಿಹಾಸದಲ್ಲಿ ದೊಡ್ಡ ಬದಲಾವಣೆ ತಂದದ್ದು ಮಾತ್ರ ಯೆಜ್ಡಿಯಲ್ಲ, ಅಕ್ಕನ ಗಾಡಿ. ಅಕ್ಕ ಬನಶಂಕರಿ ಎರಡನೇ ಹಂತದ ಒಂದು ಶಾಲೆಯಲ್ಲಿ ಟೀಚರಾಗಿದ್ದರು. ಎರಡು ಬಸ್ಸು ಬದಲಿಸಿ, ನೂಕುನುಗ್ಗಲು ಸಹಿಸಿ ಹೋಗಿ ಬರುವುದು ಅವರ ನಿತ್ಯದ ಗೋಳು. 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಮೊಪೆಡ್‌ಗಳು ಬೆಂಗಳೂರಿನ ಹೆಣ್ಣುಮಕ್ಕಳಿಗೆ ಆಗಲೇ ದಾರಿ ಮಾಡಿದ್ದವು. ಗೇರಿಲ್ಲದ, ಗುಂಡಿ ಒತ್ತಿದರೆ ಚಾಲೂ ಆಗುವ ಕೈನೆಟಿಕ್ ಹೋಂಡಾ ಆ ದಾರಿಯನ್ನು ಅಗಲ ಮಾಡಿತು. ಅಕ್ಕ 1991ರಲ್ಲಿ ಅದನ್ನು ಕೊಳ್ಳುತ್ತೇನೆಂದಾಗ ಮನೆಯಲ್ಲಿ ಮೂರು ದಿನ ಮೌನ. ತಲೆಗೆ ಸೆರಗು ಹೊದ್ದ ಹೆಣ್ಣುಮಗಳು ಸ್ಕೂಟರು ಓಡಿಸಿದರೆ ಜನ ಏನೆಂದಾರು ಎಂದು ಹಿರಿಯರೊಬ್ಬರು ಕೇಳಿದರು. 'ಬಸ್ಸಿನಲ್ಲಿ ನನ್ನನ್ನು ನೂಕುವಾಗ ಆ ಜನ ಏನೂ ಹೇಳಲಿಲ್ಲವಲ್ಲ' ಎಂದು ಅಕ್ಕ ಕೇಳಿದ ಮೇಲೆ ಚರ್ಚೆ ಮುಗಿಯಿತು. ಸಾಲದ ಅರ್ಜಿಗೆ ಜಾಮೀನು ಹಾಕಿದವರು ತಂದೆಯವರು. ನಾಲ್ಕಾರು ತಿಂಗಳಲ್ಲಿ, ಪ್ರಶ್ನೆ ಕೇಳಿದ ಹಿರಿಯರನ್ನೇ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದದ್ದು ಅದೇ ಗಾಡಿ.

ಗಾಜು ಏರಿಸಿದ ಕಾರು

ಮಾರುತಿ 800 ದೇಶಕ್ಕೆ ಬಂದದ್ದು 1983ರ ಡಿಸೆಂಬರಿನಲ್ಲಿ, ನಮ್ಮ ಮನೆಗೆ ಬಂದದ್ದು 1998ರಲ್ಲಿ, ಅದೂ ಸೆಕೆಂಡ್ ಹ್ಯಾಂಡ್. ಮಳೆಯಲ್ಲಿ ನೆನೆಯದೆ ಮದುವೆಗೆ ಹೋಗಿ ಬಂದ ಮೊದಲ ದಿನ ತಾಯಿಯವರ ಮುಖದಲ್ಲಿದ್ದ ಸಂತೋಷ ಸಣ್ಣದಲ್ಲ. ಆರಾಮವನ್ನು ಹೀಗಳೆಯುವುದು ಸುಲಭ, ಆದರೆ ಮಂಡಿನೋವಿರುವವರ ಮುಂದೆ ಹೀಗಳೆಯಬಾರದು.

ಆದರೂ ಕಾರು ಬಂದ ಮೇಲೆ ಏನೋ ಬದಲಾಯಿತು. ಅದರ ಕೀಲಿ ಮೊಳೆಗೆ ಬರಲಿಲ್ಲ, ಬೀರುವಿಗೆ ಹೋಯಿತು. ಅಷ್ಟರಲ್ಲಿ ಎದುರು ಮನೆಗೂ ಕಾರು ಬಂದಿತ್ತು, ಹಿಂದಿನ ಮನೆಗೆ ಎರಡು ಬೈಕು. ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಗೇಟಿನ ಮುಂದೆ ಯಾರ ಗಾಡಿ ನಿಂತಿದೆ ಎಂಬುದಕ್ಕೆ ಮಾತಿಗೆ ಮಾತು ಬೆಳೆಯತೊಡಗಿತು. ಒಂದು ಕಾಲಕ್ಕೆ ಒಂದೇ ಗಾಡಿ ಕೂಡಿಸಿದ್ದ ಬೀದಿಯನ್ನು ಇಪ್ಪತ್ತು ಗಾಡಿಗಳು ಮನೆ ಮನೆಯಾಗಿ ಬಿಡಿಸಿದವು. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ಮೀರಿವೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಜು ಏರಿಸಿಕೊಂಡು ಒಂಟಿಯಾಗಿ ಕುಳಿತ ಸಾವಿರ ಜನ ಒಬ್ಬರನ್ನೊಬ್ಬರು ಶಪಿಸುತ್ತಿರುತ್ತಾರೆ.

ಹಾಗೆಂದು ಹಿಂದಿನದೆಲ್ಲ ಚಿನ್ನವಲ್ಲ. ಚೇತಕ್, ಯೆಜ್ಡಿಗಳ ನೀಲಿ ಹೊಗೆಯನ್ನು ನಾವು ಪ್ರೀತಿಯಿಂದ ನೆನೆಯುತ್ತೇವೆ, ಅದನ್ನು ಕುಡಿದ ಶ್ವಾಸಕೋಶಗಳು ನೆನೆಯುವುದಿಲ್ಲ. ಪರಿಹಾರದ ಹುಡುಕಾಟವೂ ಈ ಊರಿನಲ್ಲೇ ನಡೆದಿದೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿಯಿತು, ಲಂಡನ್ನಿನ ಬೀದಿಗಳಲ್ಲೂ ಓಡಿತು. ಚೇತಕ್ ಹೆಸರು 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿದಾಗ ಮೊದಲು ಮಾರಾಟಕ್ಕೆ ಬಂದ ಎರಡು ನಗರಗಳಲ್ಲಿ ಬೆಂಗಳೂರೂ ಒಂದು. ನಮ್ಮ ಮೆಟ್ರೊ 2017ರಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಿಟಿಎಂ ಲೇಔಟ್ ಹಾದು ಬೊಮ್ಮಸಂದ್ರದವರೆಗೆ ಹೋಯಿತು. ಅಕ್ಕನ ಮಗಳು ಈಗ ಕೆಲಸಕ್ಕೆ ಹೋಗುವುದು ಅದರಲ್ಲಿ. ಅಪರಿಚಿತರ ಪಕ್ಕದಲ್ಲಿ ಕುಳಿತು ಹೋಗುವ ಅಭ್ಯಾಸ ನಗರಕ್ಕೆ ಮತ್ತೆ ಬರುತ್ತಿದ್ದರೆ ಅದು ಒಳ್ಳೆಯದೇ.

ಗುಜರಿಯೋ, ಮನೆಯೋ

ಇನ್ನು ನಮ್ಮ ಸ್ಕೂಟರಿನ ಪ್ರಶ್ನೆ. ಖಾಸಗಿ ವಾಹನಕ್ಕೆ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ದ್ವಿಚಕ್ರ ವಾಹನಗಳಿಗೆ 300 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 1000 ಆಯಿತು, ಇಪ್ಪತ್ತು ವರ್ಷ ಮೀರಿದವಕ್ಕೆ 2025ರಲ್ಲಿ 2000 ಆಯಿತು. ಮೊದಲು ತಂದೆಯವರ ಹೆಸರಿನಿಂದ ನಮ್ಮ ಹೆಸರಿಗೆ ವರ್ಗಾವಣೆಯಾಗಬೇಕು. ಹಣದ ಲೆಕ್ಕ ಹಾಕಿದರೆ ಗುಜರಿಯವನು ಹೇಳಿದ್ದೇ ಸರಿ.

ಉಸ್ತಾದರು ಈಗಿಲ್ಲ. ಮರವೂ ರಸ್ತೆ ಅಗಲೀಕರಣಕ್ಕೆ ಹೋಯಿತು. ಹತ್ತಿರದ ಒಂದು ಸಣ್ಣ ಮಳಿಗೆಯಲ್ಲಿ ಅವರ ಮಗ ಕಸುಬು ಮುಂದುವರಿಸಿದ್ದಾರೆ. ಸ್ಕೂಟರನ್ನು ತಳ್ಳಿಕೊಂಡು ಅಲ್ಲಿಗೆ ಹೋದೆವು. ಅವರು ಕೆಲಸ ಬಿಟ್ಟು ಎದ್ದು ಬಂದು, 'ಇದು ಅಬ್ಬಾ ಕೈಯ ಗಾಡಿ, ಇದರ ಮೇಲೇ ನಾನು ಕಾರ್ಬುರೇಟರ್ ಬಿಚ್ಚಲು ಕಲಿತದ್ದು' ಎಂದರು. ಹೊಸ ಗಾಡಿಗಳ ಬಗ್ಗೆ ಕೇಳಿದಾಗ, 'ಅವುಗಳಲ್ಲಿ ನಮ್ಮ ಕೈಗೆ ಏನೂ ಇಟ್ಟಿಲ್ಲ. ಕಂಪ್ಯೂಟರ್ ಹಚ್ಚಬೇಕು, ಅದು ಕಂಪೆನಿಯವರ ಬಳಿ ಮಾತ್ರ. ಮಗನನ್ನು ಇದಕ್ಕೆ ಹಾಕಲಿಲ್ಲ, ಡಿಪ್ಲೊಮಾ ಓದಿಸುತ್ತಿದ್ದೇನೆ' ಎಂದರು. ಆ ಮಾತಿನಲ್ಲಿ ದುಃಖವೂ ಇತ್ತು, ಮಗ ಓದುತ್ತಿರುವ ಹೆಮ್ಮೆಯೂ ಇತ್ತು. ಮೂರು ದಿನ ಬಿಟ್ಟು ಬನ್ನಿ ಎಂದು ಗಾಡಿ ಇಟ್ಟುಕೊಂಡರು.

ನಾಲ್ಕನೆಯ ದಿನ ಒಂದೇ ಒದೆತಕ್ಕೆ ಅದು ಎದ್ದಿತು. ಬೀದಿಗೆ ತಂದು ನಿಲ್ಲಿಸಿದಾಗ ಪಕ್ಕದ ಅಪಾರ್ಟ್‌ಮೆಂಟಿನವರು ಹೊಗೆಗೆ ಕಿಟಕಿ ಹಾಕಿಕೊಂಡರು. ಅವರದೇನೂ ತಪ್ಪಿಲ್ಲ. ದಿನಾ ಓಡಿಸುವ ಗಾಡಿ ಅದಲ್ಲವೆಂದು ನಮಗೂ ಗೊತ್ತು. ಹೆಸರು ಬದಲಾವಣೆಗೆ ಅರ್ಜಿ ಹಾಕಿದ್ದೇವೆ, ನವೀಕರಣವನ್ನೂ ಮಾಡಿಸುತ್ತೇವೆ.

ಸ್ಕೂಟರನ್ನು ಉಳಿಸಿಕೊಳ್ಳುವುದು ಅಂಥ ದೊಡ್ಡ ಕೆಲಸವೇನಲ್ಲ. ಅದು ಬಂದ ಕಾಲದ ಅಭ್ಯಾಸವನ್ನು ಉಳಿಸಿಕೊಳ್ಳುವುದು ಕಷ್ಟ. ಬಾಗಿಲ ಪಕ್ಕದ ಆ ಮೊಳೆ ಸುಣ್ಣ ಬಣ್ಣಗಳ ಅಡಿಯಲ್ಲಿ ಇನ್ನೂ ಇತ್ತು. ಸ್ಕೂಟರಿನ ಬೀಗದ ಕೈಯ ಜತೆಗೆ ಈಗಿನ ಕಾರಿನ ಎರಡನೆಯ ಕೀಲಿಯನ್ನೂ ಅಲ್ಲಿ ತೂಗುಹಾಕಿದ್ದೇವೆ. ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿಗಳಿದ್ದಾರೆ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಬೇಕಾದಾಗ ಬಾಗಿಲು ತಟ್ಟಿ ಎಂದು ಅವರಿಗೆ ಹೇಳಿ ಬಂದಿದ್ದೇವೆ.